ಬಾಯಿ ಮುಚ್ಚಿಸಿದ ಗಂಟೆ

ಪ್ರಹ್ಲಾದರಾಯರು ದೀಪಸ್ತಂಭದ ಕಾವಲುಗಾರರಾಗಿದ್ದವರು. ಸೀಮೆಎಣ್ಣೆ ದೀಪದಲ್ಲಿ ಕೆಲಸ ಕಲಿತರು. ಆಮೇಲೆ ಕರೆಂಟು ಬಂತು, ಸೋಲಾರ್ ಬಂತು, ಕೊನೆಗೆ ತಾನೇ ಹತ್ತಿ ತಾನೇ ಆರುವ ದೀಪ ಬಂದು ಅವರನ್ನು ಹೈದರಾಬಾದಿನ ತಾರ್ನಾಕದ ಮನೆಗೆ ಅಟ್ಟಿತು. ಈಗ ಮಗಳು ಶರ್ವರಿ, ಕಡಲೇ ಇಲ್ಲದ ಅದೇ ಊರಿನ ಮಣಿಕೊಂಡದಲ್ಲಿ ಒಂದು ಖಾಸಗಿ ಕಂಪನಿಯ ಪರದೆ ಎದುರು ಕೂತು ಅಂಥವೇ ದೀಪಗಳನ್ನು ಕಾಯುತ್ತಿದ್ದಳು.

ಒಂದು ಸಂಜೆ ಕರಾವಳಿಯ ದೀಪವೊಂದು ಆರಿತು. ಪರದೆ ಕೆಂಪಾಗಿ ಎಚ್ಚರಿಕೆಯ ಗಂಟೆ ಬಡಿಯಿತು.

"ಸೆನ್ಸರ್ ಕೆಟ್ಟಿರಬೇಕು. ದಿನಾ ಇದೇ ರಗಳೆ," ಎಂದು ಮುಖ್ಯಸ್ಥ ವಿಶ್ವಜಿತ್ ಸದ್ದು ಅಡಗಿಸಿದ.

ಶರ್ವರಿ ಬಂದರಿಗೆ ಫೋನ್ ಹಚ್ಚಿದಳು. ಅವನು ಕೈಯಿಂದ ಕಸಿದುಕೊಂಡ. "ಸುಮ್ಮನೆ ಗಾಬರಿ ಎಬ್ಬಿಸಬೇಡ!"

ಬೆಳಗಾಗುವಷ್ಟರಲ್ಲಿ ದೋಣಿಯೊಂದು ಬಂಡೆಗೆ ಅಪ್ಪಳಿಸಿ ಮೀನುಗಾರನೊಬ್ಬ ಸತ್ತಿದ್ದ. ಅವನೇ ದಾರಿ ತಪ್ಪಿದ ಎಂದಿತು ಕಂಪನಿ.

ಮನೆಯಲ್ಲಿ ಅಪ್ಪ ಕೂಗಾಡಿದರು. "ನಿಮ್ಮ ಮಷೀನು ಮನುಷ್ಯಾನ್ನ ಕೊಂದೈತಿ!"

"ಮಷೀನು ಬಡಕೊಂಡು ಹೇಳಿತ್ತಪ್ಪಾ! ಅದರ ಬಾಯಿ ಮುಚ್ಚಿಸಿದಾಂವ ಮನುಷ್ಯಾನ!"

"ಮತ್ತ ನೀ ಯಾಕ ಇಲ್ಲಿ ಕುಂತು ನನ್ನ ಮ್ಯಾಲೆ ಚೀರಾಕತ್ತೀ? ಅವರ ಮುಂದ ಚೀರು ಹೋಗು!"

ಶರ್ವರಿ ಬಾಗಿಲು ದಢಾರನೆ ಹಾಕಿಕೊಂಡು ಹೊರಟೇಬಿಟ್ಟಳು.

ಅಂದೇ ಕಂಪನಿಗೆ ವಿಚಾರಣೆಗಾಗಿ ಸರ್ಕಾರಿ ಅಧಿಕಾರಿ ಬಂದಿದ್ದರು. ವಿಶ್ವಜಿತ್ ನಗುನಗುತ್ತ ದೋಣಿ ದಾರಿ ತಪ್ಪಿದ ನಕ್ಷೆ ತೋರಿಸುತ್ತಿದ್ದ. ಯಾರೂ ಕರೆಯದಿದ್ದರೂ ಶರ್ವರಿ ಒಳಗೆ ನುಗ್ಗಿದಳು.

"ಸರ್, ಗಂಟೆ ಬಡಿದಿತ್ತು. ಇವರು ಬಂದ್ ಮಾಡಿದರು. ಬಂದರಿಗೆ ಫೋನ್ ಹಚ್ಚಿದ್ದೆ, ಅದನ್ನೂ ಕಸಿದುಕೊಂಡರು."

"ಹೊರಗೆ ನಡಿ!" ಎಂದ ವಿಶ್ವಜಿತ್.

"ನಡೀತೀನಿ. ಸತ್ತವನ ಹೆಸರಿಗೆ ಮಸಿ ಬಳಿಯೋದು ನಿಲ್ಲಿಸಿ, ಮೊದಲು!"

ಅಧಿಕಾರಿ ಅವಳನ್ನು ಕೂರಿಸಿ ಎಲ್ಲ ಕೇಳಿದರು. ಮೀನುಗಾರನ ಮೇಲಿನ ಆರೋಪ ಬಿದ್ದುಹೋಯಿತು. ಶರ್ವರಿಯ ಕೆಲಸವೂ ಹೋಯಿತು.

ಗಂಟೆ ಬಡಿದರೆ ತಕ್ಷಣ ಬಂದರಿಗೆ ತಿಳಿಸಬೇಕೆಂದು ಕಂಪನಿ ಹೊಸ ನಿಯಮ ಮಾಡಿತು. ಕೆಲವು ವಾರ ಕಳೆದ ಮೇಲೆ ಹಳೆಯ ಸಹೋದ್ಯೋಗಿ ರಶ್ಮಿ ಫೋನ್ ಮಾಡಿದಳು: ಆ ನಿಯಮ ಬರೆದದ್ದು ವಿಶ್ವಜಿತ್, ಅದಕ್ಕೆ ಅವನಿಗೆ ಸನ್ಮಾನವೂ ಆಯಿತಂತೆ.

ಶರ್ವರಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಗೋಡೆಗೆ ಒಗೆದಳು. ಅಪ್ಪ ತಮ್ಮ ಕಪ್ಪನ್ನೂ ಎತ್ತಿ ಒಗೆದರು.