ಚಕೋರದ ಬಾನೆಟ್ಟು

ಕಮಲಾಪುರದ ಹೋಟೆಲೊಂದರ ಅಂಗಳದಲ್ಲಿ ಹಳೇ ಕಾರುಗಳ ಸ್ಪರ್ಧೆ ನಡೆದಿತ್ತು. ಹನ್ನೊಂದಕ್ಕೆ ತೀರ್ಪು ಹೇಳುವವರಿದ್ದರು. ಹತ್ತೂವರೆಯಾದರೂ ನಾನು ಒಂದು ಕಡೆ ಕೂತಿರಲಿಲ್ಲ. ಕಾರಿನ ಸುತ್ತ ಎಷ್ಟು ಸಲ ತಿರುಗಿದೆನೋ.

ನನ್ನ ಹೆಸರು ಮೂಕಣ್ಣ. ಹೊಸಪೇಟೆಯಲ್ಲಿ ಮೂವತ್ತೆಂಟು ವರ್ಷದಿಂದ ನನ್ನದು ಟಿಂಕರಿಂಗ್ ಕೆಲಸ. ನೆಗ್ಗಿದ ತಗಡನ್ನು ಬಡಿದು ಸರಿ ಮಾಡುವುದು. ಆ ದಿನ ಕಂಪ್ಲಿಯ ಅಕ್ಕಿ ಗಿರಣಿಯ ಸುವರ್ಣಮ್ಮನವರ ಚಕೋರ ಕಾರಿನ ಜೊತೆ ಬಂದಿದ್ದೆ. ಅದು ತೀರಿಹೋದ ಅವರ ಯಜಮಾನರು ಕೊಟ್ರಯ್ಯನವರ ಕಾರು.

ಚಕೋರ ಕಂಪನಿ ಮುಚ್ಚಿ ನಲವತ್ತು ವರ್ಷವಾಗಿದೆ. ಈಗ ಯಾರೋ ಆ ಹೆಸರು ಕೊಂಡು ಮತ್ತೆ ಕಾರು ಮಾಡಲು ಹೊರಟಿದ್ದಾರೆ. ಹಳೇ ನಕ್ಷೆಗಳು ಉಳಿದಿಲ್ಲ. ಹಾಗಾಗಿ ಇಲ್ಲಿ ಗೆದ್ದ ಚಕೋರದ ಅಳತೆ ತೆಗೆದು, ಅದೇ ಆಕಾರದಲ್ಲಿ ಹೊಸ ಕಾರು ಬಿಡುತ್ತಾರಂತೆ. ಬಂದಿದ್ದ ಚಕೋರ ಎರಡೇ. ಒಂದು ನಮ್ಮದು, ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಸಂಡೂರಿನ ಹುಡುಗ ಮೌನೇಶನದು. ಬಣ್ಣ ಮಾಸಿತ್ತು, ಬಾನೆಟ್ಟಿನ ಎಡಗಡೆ ಮೊಳದುದ್ದ ಒಂದು ತಗ್ಗು ಬೇರೆ.

ತೀರ್ಪುಗಾರ ಬಸವಕುಮಾರ್ ಕಾರಿನ ಆಕಾರಗಳನ್ನು ರೂಪಿಸುವವರು. ನಮ್ಮ ಬಾನೆಟ್ಟಿನ ಮೇಲೆ ಕೈಯಾಡಿಸಿ, "ಎಷ್ಟು ಸರಳವಾದ ಮೈ! ಹೊಸ ಕಾರಿಗೆ ಇದೇ ಬೇಕು" ಎಂದರು. ಸುವರ್ಣಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿ ನಕ್ಕರು. ಆಮೇಲೆ ಬಸವಕುಮಾರ್ ಮೌನೇಶನ ಕಾರಿನ ಹತ್ತಿರ ಹೋದರು. "ಈ ನೆಗ್ಗು ತೆಗೆಸಬಾರದಿತ್ತೇನ್ರಿ?"

"ನೆಗ್ಗಲ್ರಿ ಸರ. ನಮ್ಮಜ್ಜ ತಂದಾಗಿಂದ ಹಿಂಗ ಐತಿ."

"ಸಂಡೂರಿನವರಲ್ವಾ? ಅದಿರು ಲಾರಿ ಹಿಂದೆ ಹೋದರೆ ಹೀಗೇ ಆಗೋದು."

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಇಪ್ಪತ್ತು ವರ್ಷದ ಹಿಂದೆ ಕೊಟ್ರಯ್ಯನವರ ಕಾರು ನನ್ನಲ್ಲಿಗೆ ಬಂದಾಗ, ಅದರ ಬಾನೆಟ್ಟಿನ ಎಡಗಡೆಯಲ್ಲೂ ಇಂಥದೇ ತಗ್ಗಿತ್ತು. ಗಣಿಗಾರಿಕೆ ಜೋರಾಗಿದ್ದ ಕಾಲ. ಲಾರಿಯಿಂದ ಉದುರಿದ ಅದಿರಿನ ಗಟ್ಟಿ ಬಿದ್ದು ನೆಗ್ಗಿದ ಕಾರುಗಳು ದಿನಕ್ಕೆ ನಾಲ್ಕು ಬರುತ್ತಿದ್ದವು. ನಾನು ಕೇಳಲೇ ಇಲ್ಲ, ಸುತ್ತಿಗೆ ಎತ್ತಿದೆ. ಏಟು ತಿಂದ ತಗಡು ಒಂದು ತಾಸಿನಲ್ಲಿ ದಾರಿಗೆ ಬರುತ್ತದೆ. ಆ ಬಾನೆಟ್ಟು ಎರಡು ದಿನ ಹಟ ಮಾಡಿತ್ತು. ಆಗಲೂ ನನಗೆ ಹೊಳೆಯಲಿಲ್ಲ.

ಮೌನೇಶನನ್ನು ಕೇಳಿ ಬಾನೆಟ್ಟು ಎತ್ತಿಸಿದೆ. ಕೆಳಗಿನಿಂದ ಕೈ ಹಾಕಿ ಸವರಿದೆ. ಕಲ್ಲು ಬಿದ್ದ ನೆಗ್ಗು ಒಂದು ಕಡೆ ಆಳ, ಒಂದು ಕಡೆ ಮೇಲೆ ಇರುತ್ತದೆ. ಇದು ತುದಿಯಿಂದ ತುದಿಗೆ ಒಂದೇ ಸಮ, ಅಂಚು ನೂಲು ಹಿಡಿದಂತಿತ್ತು. ಕಾರ್ಖಾನೆಯ ಅಚ್ಚಿನಲ್ಲಿ ಒತ್ತಿದ ಗೆರೆ ಅದು.

ಸುವರ್ಣಮ್ಮನವರನ್ನು ಬೇವಿನ ಮರದ ಕೆಳಗೆ ಕರೆದು ಎಲ್ಲ ಹೇಳಿದೆ.

"ಯಾರ ಕೇಳಿದ್ರು ನಿನ್ನ? ಸುಮ್ನಿರು ಮೂಕಣ್ಣ."

"ಆ ಹುಡುಗಂದು ಖರೇ ಚಕೋರ ಐತ್ರಿ ಅಮ್ಮಾರ. ನೆಗ್ಗು ಅಂತ ಅವನ ಕಾರು ತಗದಹಾಕ್ತಾರ."

"ನಮ್ಮ ಯಜಮಾನ್ರ ಕಾರು ಊರೂರಾಗ ಓಡಾಡತೈತಿ ಅಂತ ನಾ ಎಷ್ಟು ಹಿಗ್ಗಿದ್ದೆ, ನಿನಗೇನ್ ಗೊತ್ತು?"

"ಊರೂರಾಗ ಓಡಾಡೋದು ಯಜಮಾನ್ರ ಕಾರಲ್ರಿ, ನನ್ನ ತಪ್ಪು."

ಅವರು ಮುಖ ತಿರುಗಿಸಿದರು. ಹೇಳು ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ತೀರ್ಪಿಗೆ ಇನ್ನು ಹತ್ತು ನಿಮಿಷ ಉಳಿದಿತ್ತು.

ನಾನು ಬಸವಕುಮಾರರ ಬಳಿ ಹೋಗಿ, ಮೌನೇಶನ ಬಾನೆಟ್ಟಿನ ಅಡಿಗೆ ಅವರ ಕೈಯನ್ನೇ ಹಿಡಿದು ಇರಿಸಿದೆ. ಆಮೇಲೆ ನಮ್ಮ ಕಾರಿನ ಅಡಿಗೆ. ಅಲ್ಲಿ ನನ್ನ ಸುತ್ತಿಗೆಯ ಗುರುತುಗಳು ಬೆರಳಿಗೆ ಸಿಕ್ಕವು. ಅವರ ಕಿವಿ ಕೆಂಪಾಯಿತು.

"ನಿಮ್ಮ ತಪ್ಪೇ ಚೆನ್ನಾಗಿದೆಯಲ್ರೀ" ಎಂದರು ಮೆಲ್ಲಗೆ.

"ಚೆಂದ ನೋಡೋದು ನಿಮ್ಮ ಕೆಲಸ ಸರ. ಆದ್ರ ಅದು ಚಕೋರ ಅಲ್ಲ."

ಹನ್ನೊಂದು ದಾಟಿ ಇಪ್ಪತ್ತು ನಿಮಿಷಕ್ಕೆ ಮೌನೇಶನ ಹೆಸರು ಕರೆದರು. ಅವನು ನಂಬಲಾರದೆ ಹಿಂದೆ ತಿರುಗಿ ನೋಡಿದ. ಸುವರ್ಣಮ್ಮ ಚಪ್ಪಾಳೆ ತಟ್ಟಲಿಲ್ಲ. ನೆಟ್ಟಗೆ ಹೋಗಿ ಕಾರಿನ ಸ್ಟೀರಿಂಗ್ ಮುಂದೆ ಕೂತರು.

ನಾನು ಬಾಗಿಲ ಬಳಿ ನಿಂತೇ ಇದ್ದೆ. ಬಸ್ಸಿಗೆ ಹೋಗುವುದೋ, ಹತ್ತುವುದೋ ತಿಳಿಯಲಿಲ್ಲ.

"ಇನ್ನೂ ಎಷ್ಟು ಚಕೋರದ ಗೆರಿ ಬಡಿದು ಹಾಕೀಯಪ್ಪಾ ನೀನು?" ಎಂದರು ನನ್ನ ಕಡೆ ನೋಡದೆ.

ಲೆಕ್ಕ ಹಾಕಿದೆ. "ಇನ್ನೆರಡು ಇರಬೇಕ್ರಿ. ಒಂದು ಗಂಗಾವತೀದು. ಇನ್ನೊಂದು ಎಲ್ಲಿದೋ ನೆನಪಿಲ್ಲ."

"ಅವರಿಗೆ ಗೊತ್ತೇನು?"

"ಇಲ್ರಿ. ನನಗ ಇವತ್ತು ಗೊತ್ತಾತು."

ಸುವರ್ಣಮ್ಮ ಪಕ್ಕದ ಸೀಟಿನ ಮೇಲಿನ ಹೂವಿನ ಬುಟ್ಟಿಯನ್ನು ಹಿಂದಕ್ಕೆ ಸರಿಸಿದರು.

"ಹತ್ತು ಜಲ್ದಿ. ಗಂಗಾವತಿಯವರು ಊಟಕ್ಕ ಮನಿಗೆ ಬರೋ ಹೊತ್ತು."