ಅಂಗಾತ ಬಿದ್ದ ಬಾರುಷ್ಕಾ

೧
ಈ ಕಥೆಯನ್ನು ಜೇಡದಿಂದ ಆರಂಭಿಸಲೇ, ವಿಧವೆಯಿಂದ ಆರಂಭಿಸಲೇ? ಜೇಡವೆಂದರೆ ಅರ್ಧದಷ್ಟು ಓದುಗರು ಪುಸ್ತಕ ಮುಚ್ಚುತ್ತಾರೆ. ವಿಧವೆಯೆಂದರೆ ಉಳಿದವರು ಕರವಸ್ತ್ರ ಹುಡುಕುತ್ತಾರೆ. (ಈ ವಾಕ್ಯವನ್ನು ಎರಡು ಸಲ ಹೊಡೆದುಹಾಕಿದೆ. ಮತ್ತೆ ಬಂದು ಕುಳಿತಿದೆ.)

ಗಣಿಗಳ ಊರಾದ ಓಸ್ತ್ರಾವಾದ ನಮ್ಮ ವಠಾರದ ನಾಲ್ಕನೆಯ ಮಹಡಿಯಲ್ಲಿ ಯಾರ್ಮಿಲಾ ಇದ್ದಾಳೆ. ಗಣಿಯಿಂದ ನಿವೃತ್ತನಾಗಿದ್ದ ಆಕೆಯ ಗಂಡ ಒತಾಕರ್ ಕಳೆದ ವಸಂತದಲ್ಲಿ ತೀರಿಕೊಂಡ. ಅವನು ಗಾಜಿನ ಪೆಟ್ಟಿಗೆಯಲ್ಲಿ ಹತ್ತೊಂಬತ್ತು ವರ್ಷ ಸಾಕಿದ ಹೆಣ್ಣು ಟರಂಟುಲಾ ಜೇಡ, ಅಂಗೈಯಗಲದ ಬಾರುಷ್ಕಾ, ಉಳಿದಳು. ಆ ಪೆಟ್ಟಿಗೆಯೊಳಗೆ ಯಾರ್ಮಿಲಾ ಒಮ್ಮೆಯೂ ಕೈಯಿಟ್ಟವಳಲ್ಲ.

೨
ಎರಡು ತಿಂಗಳ ಹಿಂದೆ ಬಾರುಷ್ಕಾ ಉಣ್ಣುವುದನ್ನು ಬಿಟ್ಟಳು. ‘ಯಜಮಾನನ ಅಗಲಿಕೆಯ ಶೋಕದಿಂದ’ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಜೇಡ ಸಾಕುವವರ ಸಂಘದ ಹಿರಿಯ ವೊಯ್ತೆಖ್ ಕೇಳಿ ನಕ್ಕ.

“ಶೋಕವೂ ಇಲ್ಲ, ಮಣ್ಣೂ ಇಲ್ಲ, ಮಾರಾಯ! ಪೊರೆ ಬಿಡೋ ಮುಂಚೆ ಅವು ಉಪವಾಸ ಇರ್ತವೆ. ಆಗ ಮಿಡತೆ ಹಾಕ್ಬಾರದು. ಮೈ ಮೆತ್ತಗಾದಾಗ ಊಟಾನೇ ಉಣ್ಣೋಳನ್ನ ತಿಂದ್ಬಿಡತ್ತೆ.”

ಇದನ್ನು ಅವನು ಯಾರ್ಮಿಲಾಳಿಗೂ ಹೇಳಿದ್ದ. ಆದರೆ ಆ ಮನೆಯಲ್ಲಿ ಯಾರೂ ಉಣ್ಣದೆ ಎದ್ದದ್ದಿಲ್ಲ. ಪ್ಲಮ್ ಹಣ್ಣಿನ ಕಡುಬನ್ನು ಬೇಡವೆಂದವನ ತಟ್ಟೆಗೆ ಮೂರು ಬೀಳುತ್ತವೆ. ನಿನ್ನೆ ಅವಳು ಮುಚ್ಚಳ ಸರಿಸಿ ಒಂದು ಮಿಡತೆಯನ್ನು ಒಳಗೆ ಬಿಟ್ಟಳು.

“ಹಸಿದೋಳನ್ನ ನೋಡ್ಕೊಂಡು ನಾನು ಹೆಂಗೆ ಉಣ್ಲಿ?”

೩
ಇಂದು ಬೆಳಿಗ್ಗೆ ಬಾರುಷ್ಕಾ ಅಂಗಾತ ಬಿದ್ದಿದ್ದಳು. ಯಾರ್ಮಿಲಾ ಶೂ ಪೆಟ್ಟಿಗೆಯೊಂದಕ್ಕೆ ಗಂಡನ ಹಳೆಯ ಅಂಗಿ ಹಾಸಿ, ವೊಯ್ತೆಖ್‌ಗೆ ಫೋನ್ ಮಾಡಿದಳು.

“ಹೋಗ್ಬಿಟ್ಲು ಕಣೋ.”

“ಕಾಲು ಮುದುಡಿದ್ಯಾ, ಚಾಚಿದ್ಯಾ?”

“ಚಾಚಿದೆ.”

“ಸತ್ತಿದ್ರೆ ಮುದುಡ್ತಿತ್ತು, ಮಾರಾಯ್ತಿ! ಪೊರೆ ಬಿಡ್ತಾ ಇದಾಳೆ. ಮುಟ್ಬೇಡ. ಮಿಡತೆ ಗಿಡತೆ ಇಲ್ವಲ್ಲ ಒಳಗೆ?”

ಯಾರ್ಮಿಲಾ ಗಾಜಿನ ಹತ್ತಿರ ಬಾಗಿ ನೋಡಿದಳು.

“ಒಂದಿದೆ. ಅವಳ ಹೊಟ್ಟೆ ಪಕ್ಕಾನೇ ಕೂತಿದೆ.”

“ಈಗ್ಲೇ ತೆಗಿ!”

೪
‘ಅವಳು ಧೈರ್ಯದಿಂದ ಕೈಯಿಟ್ಟಳು’ ಎಂದು ಬರೆದೆ. ಅವಳ ಭಾಷೆಯಲ್ಲಿ ಓದಿ ಹೇಳಿದಾಗ ಕಥಾನಾಯಕಿ ಜಗಳಕ್ಕೆ ನಿಂತಳು.

“ಧೈರ್ಯ ಎಲ್ಲಿತ್ತೋ, ಸುಳ್ಳ! ಅಳ್ತಾ ಇದ್ದೆ. ಎಂಟು ಕಾಲಿನ ಸವತೀನ ನನ್ ತಲೆಗೆ ಕಟ್ಟಿ ಹೋದ್ಯಲ್ಲ ಅಂತ ಒತಾಕರ್‌ನ ಬೈತಾ ಇದ್ದೆ. ಕೈ ನಡುಗಿದ್ರೆ ಅವಳಿಗೆ ತಾಗತ್ತೆ ಅಂತ ಉಸಿರು ಹಿಡಿದೆ. ಹಂಗೇ ಬರಿ.”

ಹಾಗೆಯೇ ಬರೆದಿದ್ದೇನೆ. ಮಿಡತೆ ಹೊರಬಂತು.

೫
ಘಟನೆ ಮುಗಿಯುವ ಮೊದಲೇ ವಠಾರದ ಮೆಟ್ಟಿಲ ಮೇಲಿನ ಹರಟೆಯಲ್ಲಿ ಎರಡು ಅಂತ್ಯಗಳು ಹುಟ್ಟಿವೆ. ಒಂದು: ಬಾರುಷ್ಕಾ ಹೊಸ ಮೈಯಿಂದ ಮಿರುಗುತ್ತ ಎದ್ದಳು. ಎರಡು: ಮಿಡತೆ ಆಗಲೇ ಕಚ್ಚಿತ್ತು. (ಕಥೆಗಳ ಸಂಗ್ರಾಹಕನಾಗಿ ಎರಡನ್ನೂ ದಾಖಲಿಸಿದ್ದೇನೆ, ಯಾವುದಕ್ಕೂ ಸಹಿ ಹಾಕಿಲ್ಲ.)

ಟ್ರಾಮ್ ಹಿಡಿದು ಬಂದ ವೊಯ್ತೆಖ್, ಯಾರ್ಮಿಲಾ, ನಾನು ಪೆಟ್ಟಿಗೆಯ ಮುಂದೆ ಕುಳಿತಿದ್ದೇವೆ. ಏಳು ಕಾಲುಗಳು ಹೊರಬಂದಿವೆ. ಕೊನೆಯದು ಹಳೆಯ ಚರ್ಮದಲ್ಲಿ ಸಿಕ್ಕಿಕೊಂಡಿದೆ. ಒಂದೇ ವಾಕ್ಯದಲ್ಲಿ ನಾನು ಅದನ್ನು ಬಿಡಿಸಬಲ್ಲೆ. ಪೆನ್ನೆತ್ತಿದೆ.

ಯಾರ್ಮಿಲಾ ನನ್ನ ಮಣಿಕಟ್ಟು ಹಿಡಿದಳು.

“ಬೇಡ ಕಣೋ. ಎಳೆದ್ರೆ ಮುರಿಯತ್ತೆ. ಸುಮ್ನೆ ಕೂತ್ಕೋ.”