ಮಂಡಿ ಮಡಿಸುವ ಹೊತ್ತು

ಕರಿಬಸವರಾಜಪ್ಪನವರಿಗೆ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿರಲಿಲ್ಲ. ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಹತ್ತಿದ ಚಾಳಿ ಅದು. ಗಿರಾಕಿ ಕೇಳಿದ ಸೀರೆ ಅಂಗಡಿಯಲ್ಲಿ ಇರಲಿ ಬಿಡಲಿ, 'ಐತೆ, ಕೂಡ್ರಿ' ಅನ್ನುತ್ತಿದ್ದರು. ಸಾಯುವ ಕಾಲಕ್ಕೂ ಅದೇ ಆಯಿತು. ಹೆಂಡತಿ ಸರ್ವಮಂಗಳಮ್ಮನಿಗೆ, 'ಬಾತಿ ಹೊಲದಾಗ ನಮ್ಮಪ್ಪನ ಮಗ್ಗುಲಿಗೆ ಕೂರಿಸಿಬಿಡು' ಅಂದಿದ್ದರು. ಕಿರಿಮಗ ಶಿವಕುಮಾರನಿಗೆ, 'ನೀ ಹೇಳ್ದಂಗ ಥಂಡ್ಯಾಗ ಇಡಪ್ಪ, ಎದ್ದು ಬಂದ್ರ ಬಂದೆ' ಅಂದಿದ್ದರು. ಇಬ್ಬರಿಗೂ ಮಾತು ಕೊಟ್ಟು, ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದರು. ತಾಪತ್ರಯವೆಲ್ಲ ಉಳಿದವರಿಗೆ.

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಮಾತು. ಶಿವಕುಮಾರ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಹೋರಿಯ ವೀರ್ಯವನ್ನು ನೈಟ್ರೋಜನ್ನಿನ ಕೊರೆಯುವ ಥಂಡಿಯಲ್ಲಿ ವರ್ಷಗಟ್ಟಲೆ ಇಡುವುದನ್ನು ಕಲಿತವನು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅವರ ಹೊಲವಿದ್ದ ಬಾತಿ ಹಳ್ಳಿಯಲ್ಲಿ ಹುಟ್ಟಿದ ಒಂದು ಕರುವಿನ ಅಪ್ಪ ಹೋರಿ ಸತ್ತು ಆಗಲೇ ನಾಲ್ಕು ವರ್ಷವಾಗಿತ್ತು. ಆ ಕರುವಿನ ಕಿವಿ ಸವರುವಾಗ ಅವನ ತಲೆಗೆ ಹುಳ ಹೊಕ್ಕಿತು. ಇಂದು ವಾಸಿಯಾಗದ ಕಾಯಿಲೆ ನೂರು ವರ್ಷದ ಮೇಲೆ ವಾಸಿಯಾಗಬಹುದು. ಅಲ್ಲಿಯತನಕ ಮನುಷ್ಯ ಕೆಡದಂತೆ ಇದ್ದರೆ ಸಾಕು. ಅಮೆರಿಕದಲ್ಲಿ ಹಾಗೆ ಇಡುವವರಿದ್ದಾರೆ ಎಂದು ಓದಿದ ಮೇಲಂತೂ ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಪ್ಪೆಗಳನ್ನು ಇಟ್ಟ, ಇಲಿಗಳನ್ನು ಇಟ್ಟ. ಒಂದೂ ಏಳಲಿಲ್ಲ. ಎದ್ದು ನಿಂತದ್ದು ಹರಿಹರದ ಖುದ್ದೂಸನ ವೆಲ್ಡಿಂಗ್ ಶಾಪಿನಲ್ಲಿ ಅವನು ಮಾಡಿಸಿದ ಆಳೆತ್ತರದ ಸ್ಟೀಲ್ ಟ್ಯಾಂಕು ಮಾತ್ರ.

ಅಪ್ಪನ ಉಸಿರು ನಿಂತ ಕೂಡಲೇ ಶಿವಕುಮಾರ ಅಳಲಿಲ್ಲ. ಟ್ಯಾಂಕನ್ನು ಲಾರಿಯಲ್ಲಿ ತಾ ಎಂದು ಹರಿಹರಕ್ಕೆ, ಖುದ್ದೂಸನಿಗೆ ಫೋನು ಮಾಡಿದ. ಫ್ಯಾಕ್ಟರಿಯಿಂದ ಐಸ್ ಗಡ್ಡೆ ತರಿಸಿ ಪುಡಿ ಮಾಡಿ, ಅಪ್ಪನ ತಲೆಯಿಂದ ಪಾದದವರೆಗೂ ಒಟ್ಟಿದ. ಕೈ ಮರಗಟ್ಟಿದರೂ ನಿಲ್ಲಿಸಲಿಲ್ಲ.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವ ಪದ್ಧತಿಯಿಲ್ಲ. ಪದ್ಮಾಸನ ಹಾಕಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತಂತೆಯೇ ಸಮಾಧಿ ಮಾಡುತ್ತಾರೆ. ಅದಕ್ಕೆ ಮೈ ಸೆಟೆಯುವ ಮೊದಲೇ ಮಂಡಿ ಮಡಿಸಬೇಕು. ತಡವಾದರೆ ಒತ್ತಿ ಮುರಿಯಬೇಕು. ಚಿಕ್ಕಂದಿನಲ್ಲಿ ಸೋದರತ್ತೆಯ ಮಂಡಿ ಲಟಕ್ಕೆಂದದ್ದನ್ನು ಸರ್ವಮಂಗಳಮ್ಮ ಕೇಳಿದ್ದರು, ಇನ್ನೂ ಮರೆತಿರಲಿಲ್ಲ. ಟ್ಯಾಂಕಿನ ಬಾಯಿಯೋ ಕಿರಿದು. ಮಡಿಸಿದ ಮಂಡಿ ಅದರೊಳಗೆ ಇಳಿಯುವುದಿಲ್ಲ. ಕೂರಿಸಿದರೆ ಟ್ಯಾಂಕಿಲ್ಲ, ಟ್ಯಾಂಕಿಗೆ ಕಾದರೆ ಕೂರಿಸಲಾಗುವುದಿಲ್ಲ.

ಬಿಸಿಲೇರಿತು. ಲಾರಿ ಬರಲಿಲ್ಲ. ರೈಲ್ವೆ ಗೇಟು ಬಿದ್ದಿದೆ ಎಂದು ಯಾರೋ ಅಂದರು. ಕ್ರಿಯೆ ಮಾಡಿಸಲು ಬಂದ ಮಠದ ಹಾಲಯ್ಯನವರು ಪಡಸಾಲೆಯಲ್ಲಿ ವಿಭೂತಿ, ಪತ್ರೆ ಇಟ್ಟುಕೊಂಡು ಕಾದು ಸುಸ್ತಾದರು. ಅಂಗಡಿ ನೋಡಿಕೊಳ್ಳುವ ಹಿರಿಮಗ ಬಕ್ಕೇಶನ ತಾಳ್ಮೆ ಹರಿಯಿತು. ಒಳಗೆ ಬಂದವನೇ ಐಸಿಗೆ ಕೈ ಹಾಕಿದ.

'ತೆಗಿಯಲೇ ಇದನ್ನ. ಅಪ್ಪ ಏನು ಮೀನೇನು?'

ಶಿವಕುಮಾರ ಅಣ್ಣನ ರಟ್ಟೆ ಹಿಡಿದ. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದವನು ಅವನನ್ನು ಗೋಡೆಗೆ ಒತ್ತಿ ನಿಂತ. ಇಬ್ಬರೂ ಏದುಸಿರು ಬಿಡುತ್ತಿದ್ದರು.

'ಬಕ್ಕೇಶಿ, ನೀ ಆಕಡಿ ಸರಿ,' ಎನ್ನುತ್ತಾ ಸರ್ವಮಂಗಳಮ್ಮ ಬಾಗಿಲಿಗೆ ಬಂದರು. ಗಂಡನ ತಲೆಯ ಬಳಿ ಕೂತು ಕಿರಿಮಗನನ್ನು ನೋಡಿದರು. 'ಶಿವು, ನಿಮ್ಮಪ್ಪ ಎದ್ದು ಬರ್ತಾರ ಅಂತ ಹೇಳು. ನಾ ಯಾರಿಗೂ ಮುಟ್ಟಾಕ ಬಿಡಲ್ಲ. ಸ್ವಾಮೇರಿಗೂ ಬಿಡಲ್ಲ.'

'ಬರಬಹುದವ್ವ.'

'ಬರಬಹುದು ಅನ್ನೋದು ಅಂಗಡಿ ಮಾತು. ನಿಮ್ಮಪ್ಪ ಅಂಥವು ಭಾಳ ಆಡ್ಯಾರ. ಕೊರಳಾಗಿನ ಲಿಂಗ ಮುಟ್ಟಿ ಬರ್ತಾರ ಅಂತ ಹೇಳು.'

ಅದೇ ಹೊತ್ತಿಗೆ ಓಣಿಯಲ್ಲಿ ಲಾರಿಯ ಹಾರ್ನ್ ಕೇಳಿತು. ಟ್ಯಾಂಕು ಬಾಗಿಲಿಗೇ ಬಂದಿತ್ತು. ಶಿವಕುಮಾರನ ಕೈ ಅಂಗಿಯೊಳಗೆ ಹೋಯಿತು. ಲ್ಯಾಬಿನಲ್ಲಿ ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟುಕೊಳ್ಳುತ್ತಿದ್ದ ಲಿಂಗ ಬೆರಳಿಗೆ ಸಿಕ್ಕಿತು. ಒಂದೇ ಒಂದು ಮಾತು ಹೇಳಿದ್ದರೆ ಅಪ್ಪ ಅವನ ಪಾಲಿಗೆ ಉಳಿಯುತ್ತಿದ್ದರು. ಹೇಳಬೇಕೆಂದು ಬಾಯಿ ತೆರೆದ. ಅವ್ವ ಟ್ಯಾಂಕಿನ ಬುಡದಲ್ಲಿ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿರುವುದು ಕಣ್ಣಿಗೆ ಕಟ್ಟಿತು. ಅವಳು ಕಾಯುವವಳು, ಸಾಯುವತನಕ ಕಾಯುವವಳು.

'ಗೊತ್ತಿಲ್ಲವ್ವ,' ಅಂದ. 'ನನಗ ಗೊತ್ತಿಲ್ಲ.'

ಸರ್ವಮಂಗಳಮ್ಮ ಸೆರಗಿನಿಂದ ಗಂಡನ ಹಣೆಯ ನೀರು ಒರೆಸಿದರು. 'ಹಂಗಾರ ಕೂರಿಸ್ರಿ ಸ್ವಾಮೇರ.'

ಹಾಲಯ್ಯನವರು ಒಳಬಂದು ತಲೆಯಾಡಿಸಿದರು. 'ಹೊತ್ತು ಮೀರೇತ್ರಿ ತಾಯಿ. ಇಷ್ಟೊತ್ತಿಗೆ ಕಟ್ಟಿಗಿ ಆಗಿರ್ತಾರ. ನೀವು ಹೊರಗ ಹೋಗ್ರಿ, ಗಟ್ಟಿ ಆಳು ಇಬ್ಬರು ಬರಲಿ.'

ಸರ್ವಮಂಗಳಮ್ಮ ಹೊರಗೆ ಹೋಗಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡರು.

'ಯಾರೂ ಮುಟ್ಟಬ್ಯಾಡ್ರಿ,' ಎಂದು ಶಿವಕುಮಾರ ಮೊಣಕಾಲೂರಿ ಕೂತ. ಐಸನ್ನು ಬಾಚಿ ಬದಿಗೆ ತಳ್ಳಿದ. ಅಪ್ಪನ ಮಂಡಿಯ ಕೆಳಗೆ ಅಂಗೈ ಕೊಟ್ಟು, ಹಲ್ಲು ಕಚ್ಚಿ ಮೆಲ್ಲಗೆ ಎತ್ತಿದ. ಮಂಡಿ ಮಡಿಚಿಕೊಂಡಿತು. ನಿದ್ದೆ ಹೋದ ಮಗುವಿನ ಕಾಲಿನ ಹಾಗೆ, ಸದ್ದಿಲ್ಲದೆ ಮಡಿಚಿಕೊಂಡಿತು. ಇನ್ನೊಂದೂ ಹಾಗೇ ಬಂತು.

'ಶಿವಶಿವಾ,' ಅಂದರು ಹಾಲಯ್ಯನವರು. 'ಪುಣ್ಯವಂತರು.'

ಥಂಡಿಯಲ್ಲಿ ಮೈ ಸೆಟೆಯುವುದು ನಿಧಾನ ಎಂದು ಪ್ರತಿ ವರ್ಷ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದ ಶಿವಕುಮಾರನಿಗೆ ಬೆಳಗಿನಿಂದ ಅದು ನೆನಪೇ ಆಗಿರಲಿಲ್ಲ. ಸಾವನ್ನು ತಡೆಯಲು ತಂದ ಐಸು ಕೂರಿಸುವಷ್ಟು ಹೊತ್ತು ಕೊಟ್ಟಿತ್ತು. ಅವನಿಗೆ ಈಗ ಅಳು ಬಂತು.

ಬಾಗಿಲಲ್ಲಿ ಖುದ್ದೂಸ್ ಬಂದು ನಿಂತಿದ್ದ. 'ಮೇಷ್ಟ್ರೆ, ಟ್ಯಾಂಕು ಎಲ್ಲಿ ಇಳಿಸ್ಲಿ?' ಅಂದವನು ಒಳಗೆ ನೋಡಿ ಟೋಪಿ ಸರಿಪಡಿಸಿಕೊಂಡು ತಲೆ ತಗ್ಗಿಸಿದ.

ಬಕ್ಕೇಶನೂ ಶಿವಕುಮಾರನೂ ಸೇರಿ ಅಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದರು. ಹಾಲಯ್ಯನವರು ಹಣೆಗೆ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಬಿಗಿದರು, ಎಡಗೈಯಲ್ಲಿ ಲಿಂಗ ಇಟ್ಟರು. ಬಕ್ಕೇಶ ಕೈ ತೆಗೆದ. ಶಿವಕುಮಾರ ಮಾತ್ರ ಅಪ್ಪನ ಭುಜ ಹಿಡಿದೇ ಇದ್ದ.

ಸರ್ವಮಂಗಳಮ್ಮ ಮಗನ ತಣ್ಣನೆಯ ಬೆರಳುಗಳ ಮೇಲೆ ಕೈ ಇಟ್ಟರು.

'ಇಷ್ಟೊತ್ತು ಹಿಡಕಂಡಿದ್ದಿ, ಸಾಕು. ಬಿಡಪ್ಪ.'

ಅವನು ಕೈ ಬಿಟ್ಟ. ಅಪ್ಪ ಬೀಳಲಿಲ್ಲ, ಕೂತೇ ಇದ್ದರು.